ಡಾಗ್ನಿ ಕ್ರೋಗ್ ಕೋವಿ ಕೊಂಡದ್ದು

ನಮ್ಮ ವೆಸ್ಟರ್‌ಲುಂಡಿನ ಬೇಟೆಗಾರರ ಸಂಘದಲ್ಲಿ ಆಗ ನಲವತ್ತೊಂದು ಜನ ಗಂಡಸರಿದ್ದೆವು. ಅದರಲ್ಲಿ ಮೂವತ್ತು ಜನಕ್ಕಾದರೂ ಹಕ್ಕಿ ಹೊಡೆಯುವುದಕ್ಕಿಂತ ಹಕ್ಕಿ ಹೊಡೆಯುವ ಕೋವಿಯ ಬಗ್ಗೆ ಮಾತಾಡುವುದರಲ್ಲೇ ಹೆಚ್ಚು ಸುಖ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಹದಿನೇಳು ವರ್ಷ ಅವರಿಗಾಗಿ ಮೈದಾನದ ಗುಂಡಿಯೊಳಗೆ ಕೂತು, ಮಣ್ಣಿನ ಪಾರಿವಾಳ ಅಂತ ನಾವು ಕರೆಯುವ ಕಿತ್ತಳೆ ಬಣ್ಣದ ತಟ್ಟೆಗಳನ್ನು, ಗುರಿಗಾಗಿ ಗಾಳಿಗೆ ಎಸೆಯುವ ಯಂತ್ರಕ್ಕೆ ತುಂಬಿದವನು ಈ ಥೋರ್ಕಿಲ್. ಗುಂಡಿಯೊಳಗೆ ಕೂತವನಿಗೆ ಮೇಲಿನವರ ಮುಖ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ತಟ್ಟೆ ಒಡೆದರೆ ಕೈಚಳಕ, ಒಡೆಯದಿದ್ದರೆ ಗಾಳಿ, ತೋಟಾ, ಸೂರ್ಯ, ಇಲ್ಲವೇ ಥೋರ್ಕಿಲ್. ಹದಿನೇಳು ವರ್ಷದಲ್ಲಿ ಒಬ್ಬನೂ ತನ್ನದೇ ತಪ್ಪು ಅಂದದ್ದನ್ನು ನಾನು ಕೇಳಲಿಲ್ಲ.

ಇಂಥ ಸಂಘಕ್ಕೆ ಡಾಗ್ನಿ ಕ್ರೋಗ್ ಬಂದಳು.

ಅವಳಿಗೆ ಆಗ ಐವತ್ತಾರು. ಬೇಕರಿಯ ಪಕ್ಕದಲ್ಲಿ ಬಟ್ಟೆ ಸರಿಮಾಡಿಕೊಡುವ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಕೋಟು ಅಗಲ ಮಾಡುವುದು, ಜಿಪ್ಪು ಹಾಕುವುದು. ಊರಿನ ಗಂಡಸರ ಸೊಂಟ ಯಾವ ವರ್ಷ ಎಷ್ಟು ಬೆಳೆಯಿತು ಎನ್ನುವುದು ಅವರ ಹೆಂಡತಿಯರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳ ನಾಲಿಗೆಗೆ ಎಲ್ಲರೂ ಒಂದಿಷ್ಟು ಹೆದರುತ್ತಿದ್ದರು. ಗಂಡ ಸ್ವೆನ್ನಿಂಗ್ ಒಳ್ಳೆಯ ಬೇಟೆಗಾರ, ಕಡಿಮೆ ಮಾತಿನವನು. ಅವನಿಗೆ ಆ ಹಿಂದಿನ ಚಳಿಗಾಲ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಇದ್ದ ಮಾತೂ ಮುಕ್ಕಾಲು ಹೋಯಿತು. ಉಳಿದದ್ದು ಅವನ ನಾಯಿ, ಟೀನೆ. ಮೂರು ವರ್ಷದ ಹೆಣ್ಣುನಾಯಿ, ಕಂದು ಬಿಳಿ ಚುಕ್ಕೆ, ಹಕ್ಕಿ ಅಡಗಿದಲ್ಲಿ ಕದಲದೆ ನಿಂತು ತೋರಿಸುವ ಜಾತಿ. ಅದನ್ನು ಅವನೇ ಎರಡು ವರ್ಷ ಕೂತು ಪಳಗಿಸಿದ್ದ. ಕೆಲಸವಿಲ್ಲದ ಟೀನೆ ಹಿತ್ತಲಲ್ಲಿ ಗುಬ್ಬಿಗಳ ಮುಂದೆ ಒಂದು ಕಾಲೆತ್ತಿ ಗಂಟೆಗಟ್ಟಲೆ ನಿಂತಿರುತ್ತಿತ್ತು. ಒಳಗೆ ಕಿಟಕಿಯಲ್ಲಿ ಸ್ವೆನ್ನಿಂಗ್ ಅದನ್ನೇ ನೋಡುತ್ತಾ ಕೂತಿರುತ್ತಿದ್ದ.

"ಒಂದು ಮನೇಲಿ ಇಬ್ಬರು ಹೀಗೆ ಸುಮ್ಮನೆ ಕೂರೋದು ನನ್ನ ಕೈಲಿ ನೋಡೋಕಾಗಲ್ಲ. ಒಬ್ಬರಿಗಾದ್ರೂ ಕೆಲಸ ಕೊಡ್ತೀನಿ," ಅಂದಳು ಡಾಗ್ನಿ. ಬೇಟೆ ಪರವಾನಗಿಯ ಪಾಠಕ್ಕೆ ಸೇರಿದಳು. ಬರೆಯುವ ಪರೀಕ್ಷೆ ಮೊದಲ ಸಲಕ್ಕೇ ಆಯಿತು. ತಟ್ಟೆ ಹೊಡೆಯುವ ಪರೀಕ್ಷೆ ಎರಡನೇ ಸಲಕ್ಕೆ, ಅದೂ ಪಾಠದ ಮೇಷ್ಟ್ರ ಕೋವಿಯಲ್ಲಿ.

ಈಗ ಅವಳದೇ ಒಂದು ಕೋವಿ ಬೇಕಾಯಿತು. ಸ್ವೆನ್ನಿಂಗನದು ಅವನಪ್ಪನ ಕಾಲದ್ದು. ನಳಿಗೆಗಳು ಪಕ್ಕಪಕ್ಕ, ತೆಳ್ಳಗೆ, ತೋಟಾದಲ್ಲಿ ಕಾಳಿನಂತೆ ತುಂಬುವ ಸೀಸದ ಚರೆಗೆಂದು ಮಾಡಿದ್ದು. ಸೀಸ ನಮ್ಮಲ್ಲಿ ನಿಷೇಧವಾಗಿ ಎಷ್ಟೋ ಕಾಲವಾಗಿದೆ. ಉಕ್ಕಿನ ಚರೆ ಹಾಕಿದರೆ ಆ ನಳಿಗೆ ಹಾಳಾಗುತ್ತದೆ. ಸ್ವೆನ್ನಿಂಗ್ ಯಾವುದೋ ಮೆತ್ತನೆಯ ಲೋಹದ ದುಬಾರಿ ತೋಟಾ ತರಿಸಿ ವರ್ಷಕ್ಕೆ ಮೂವತ್ತು ಹಾರಿಸುತ್ತಿದ್ದ, ಅವನಿಗೆ ಅಷ್ಟು ಸಾಕಿತ್ತು. ಹೊಸದಾಗಿ ಕಲಿಯುವವಳು ಬೇಸಿಗೆಯೊಂದರಲ್ಲೇ ಸಾವಿರ ತಟ್ಟೆ ಹೊಡೆಯಬೇಕು. ಸಾಲದ್ದಕ್ಕೆ ಆ ಕೋವಿ ಅವಳಿಗೆ ಎರಡು ಬೆರಳು ಉದ್ದ. ಒಂದೇ ಸಲ ಹಾರಿಸಿ ಕೆನ್ನೆ ನೀಲಿ ಮಾಡಿಕೊಂಡಳು.

ಹಾಗಾಗಿ ಏಪ್ರಿಲ್ ತಿಂಗಳ ಒಂದು ಶನಿವಾರ ಸಂಘದ ಕೋಣೆಗೆ ಸಲಹೆ ಕೇಳಲು ಬಂದಳು. ಪಾಪ, ಅವಳಿಗೆ ಗೊತ್ತಿರಲಿಲ್ಲ.

ನಮ್ಮ ಅಧ್ಯಕ್ಷ ವಾಗ್ನ್ ಹುಸ್ಟೆಡ್. ಹೆಂಚಿನ ವ್ಯಾಪಾರಿ. ಅವನ ಕೋವಿಯ ಎರಡೂ ಮಗ್ಗುಲಿನ ಕಬ್ಬಿಣಕ್ಕೆ ಚಿನ್ನದ ಬಾತುಕೋಳಿ ಕೂರಿಸಿದ್ದರು, ಬೆಲೆಯೋ ಒಂದು ಸಣ್ಣ ಕಾರಿನಷ್ಟು. ಆ ಬೆಲೆಯನ್ನು ಅವನು ಕೇಳದವರಿಗೂ ಹೇಳುತ್ತಿದ್ದ. ಅವನ ಬಲಗೈ ಬಂಟ ಎಗೋನ್, ಊರಿಗೆ ಬರುವ ಬೇಟೆಯ ಪತ್ರಿಕೆಗಳನ್ನೆಲ್ಲಾ ಓದಿ ಮುಗಿಸಿದವನು. ಹೊಡೆದ ಹಕ್ಕಿ ಮಾತ್ರ ಬೆರಳಲ್ಲಿ ಎಣಿಸಬಹುದು.

"ಕೂತ್ಕೋ ಡಾಗ್ನಿ," ಅಂದ ವಾಗ್ನ್. "ನೀನು ಬಂದದ್ದು ಒಳ್ಳೇದಾಯ್ತು, ಎಲ್ಲಾದ್ರೂ ಮೋಸ ಹೋಗ್ತಿದ್ದೆ. ಮೊದಲು ಒಂದು ಮಾತು ತಿಳ್ಕೋ. ಮೂವತ್ತು ಸಾವಿರ ಕ್ರೋನರಿಗಿಂತ ಕಮ್ಮಿಯದ್ದು ಕೋವೀನೇ ಅಲ್ಲ. ಅದು ನಲ್ಲಿ ಪೈಪು."

"ನಲ್ಲಿ ಪೈಪಲ್ಲಿ ನೀರಾದ್ರೂ ಬರುತ್ತೆ. ನಿನ್ನದ್ರಲ್ಲಿ ಹೋದ ವರ್ಷ ಎಷ್ಟು ಹಕ್ಕಿ ಬಂತು?"

ನಾಲ್ಕು. ಅದರಲ್ಲೊಂದು ತಂತಿಗೆ ಬಡಿದು ಸತ್ತು ಬಿದ್ದಿತ್ತು ಅಂತ ನನಗೆ ಗುಮಾನಿ. ವಾಗ್ನ್ ಆ ಪ್ರಶ್ನೆ ಕೇಳಿಸದವನ ಹಾಗೆ ಕಾಫಿ ಬಗ್ಗಿಸಿಕೊಂಡ.

ಎಗೋನ್ ಶುರುಮಾಡಿದ. ಒಂದರ ಮೇಲೊಂದು ನಳಿಗೆ ಇರುವುದೇ ಬೇಕು, ಕಣ್ಣಿಗೆ ಒಂದೇ ಗೆರೆ ಸಿಗುತ್ತದೆ, ತಟ್ಟೆಗೂ ಆಗುತ್ತದೆ, ಹಕ್ಕಿಗೂ ಆಗುತ್ತದೆ ಅಂದ. ಆ ಮಾತು ಸರಿಯೇ. ಅಲ್ಲಿಗೇ ನಿಲ್ಲಿಸಿದ್ದರೆ ಅವನ ಮೇಲೆ ನನಗೆ ಗೌರವ ಬರುತ್ತಿತ್ತು. ನಳಿಗೆ ಎಪ್ಪತ್ತೊಂದು ಸೆಂಟಿಮೀಟರೋ ಎಪ್ಪತ್ತಾರೋ ಎಂಬಲ್ಲಿಗೆ ಬಂದಾಗ ಇನ್ನಿಬ್ಬರು ಎದ್ದು ನಿಂತರು. ಹಿಡಿಯ ಅಕ್ರೋಟಿನ ಮರ ಎಷ್ಟನೇ ದರ್ಜೆಯದ್ದಿರಬೇಕು ಎನ್ನುವಲ್ಲಿ ಒಬ್ಬ ಮುನಿಸಿಕೊಂಡು ಹೊರಗೆ ಹೋದ. ಒಂದು ಗಂಟೆ ಕಳೆಯಿತು. ಡಾಗ್ನಿ ಕೈ ಕಟ್ಟಿ ಕೂತಿದ್ದಳು.

"ಆಯ್ತಾ?" ಅಂದಳು ಕೊನೆಗೆ. "ಇಷ್ಟು ಹೊತ್ತು ಕೋವಿ ಪುರಾಣ ಹೇಳಿದ್ರಿ. ನಿನ್ನ ತೋಳು ಎಷ್ಟುದ್ದ ಡಾಗ್ನಿ ಅಂತ ಒಬ್ಬನಾದ್ರೂ ಕೇಳಿದ್ನಾ?"

"ತೋಳು ಕಟ್ಕೊಂಡು ಏನಾಗ್ಬೇಕು? ಒಳ್ಳೆ ಕೋವಿ ಎಲ್ಲರಿಗೂ ಒಳ್ಳೇದೇ," ಅಂದ ವಾಗ್ನ್.

"ಹಾಗಾದ್ರೆ ನಾಳೆಯಿಂದ ಎಗೋನನ ಪ್ಯಾಂಟು ನೀನು ಹಾಕ್ಕೋ. ಅದೂ ಒಳ್ಳೇ ಪ್ಯಾಂಟೇ."

ಎಗೋನ್ ನಕ್ಕ. ವಾಗ್ನ್ ನೋಡಿದ ಕೂಡಲೇ ನಗು ನುಂಗಿದ. ನಾನು ಗುಂಡಿಯ ಕೆಲಸ ಮುಗಿಸಿ ಬಂದು ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದೆ. ಅವಳು ಹೊರಗೆ ಹೋಗುವಾಗ ನನ್ನ ತೋಳು ಹಿಡಿದು, "ಥೋರ್ಕಿಲ್, ನೀನು ಮೆಕ್ಯಾನಿಕ್ ಅಲ್ವಾ? ಹಾಲಿನ ಟ್ಯಾಂಕರ್ ರಿಪೇರಿ ಮಾಡಿದವನು. ಕಬ್ಬಿಣ ನೋಡೋಕೆ ಬರುತ್ತೆ. ನನ್ನ ಜತೆ ಬಾ," ಅಂದಳು. ನನಗೆ ಒಲ್ಲೆ ಅನ್ನುವ ಧೈರ್ಯ ಬರಲಿಲ್ಲ.

ಮೊದಲು ಪಟ್ಟಣದ ಕೋವಿ ಅಂಗಡಿಗೆ ಹೋದೆವು. ಅಂಗಡಿಯವನು ಎಳೆಯ ವಯಸ್ಸಿನ ಚುರುಕು ಮನುಷ್ಯ. ಹೊಸ ಕೋವಿಯೊಂದನ್ನು ಮಗುವನ್ನು ಎತ್ತಿಕೊಂಡ ಹಾಗೆ ತಂದ. ಬೆಲೆ ಅವಳ ಕೈಗೆಟುಕುವಂಥದ್ದೇ. ಫಳಫಳ ಹೊಳೆಯುತ್ತಿತ್ತು.

"ಇದು ಹೆಂಗಸರಿಗೆ ಅಂತಲೇ ಬಂದಿರೋದು, ಮೇಡಂ."

"ಹೆಂಗಸರಿಗೆ ಅಂದ್ರೆ ಏನು ವ್ಯತ್ಯಾಸ?"

"ಹೂವಿನ ಕೆತ್ತನೆ ನೋಡಿ. ಮತ್ತೆ ತುಂಬಾ ಹಗುರ."

"ಹೂವು ಯಾರಿಗೆ, ಹಕ್ಕಿಗಾ?" ಅಂದಳು ಡಾಗ್ನಿ. ಎತ್ತಿ ಭುಜಕ್ಕಿಟ್ಟು ನೋಡಿದಳು. ಹಿಂಬದಿಯ ಮರ ಸ್ವೆನ್ನಿಂಗನ ಕೋವಿಯದ್ದಷ್ಟೇ ಉದ್ದ. ಹೂವು ಕೆತ್ತಿದವನಿಗೆ ಅಳತೆ ತೆಗೆಯಲು ಪುರುಸೊತ್ತು ಸಿಕ್ಕಿರಲಿಲ್ಲ. ಹಗುರ ಅಂದದ್ದೂ ಒಂದು ಮೋಸವೇ, ಕೋವಿ ಹಗುರಾದಷ್ಟೂ ಭುಜಕ್ಕೆ ಒದೆಯುವುದು ಹೆಚ್ಚು. ದಿನಕ್ಕೆ ನೂರು ತಟ್ಟೆ ಹೊಡೆಯುವವರಿಗೆ ಅದು ಶಿಕ್ಷೆ. ಆಮೇಲೆ ಅವಳು ಮರ ಮತ್ತು ಕಬ್ಬಿಣ ಕೂಡುವ ಜಾಗದ ಗುಂಟ ಹೆಬ್ಬೆರಳಿನ ಉಗುರು ಓಡಿಸಿದಳು.

"ಇಲ್ಲಿ ನನ್ನ ಉಗುರು ಒಳಗೆ ಹೋಗ್ತಿದೆ. ಕೋಟಿಗೆ ನಾನು ಹೀಗೆ ಕಾಲರ್ ಕೂರಿಸಿದ್ರೆ ಗಿರಾಕಿ ಮುಖಕ್ಕೆ ಎಸೀತಾರೆ."

"ಈ ಬೆಲೆಗೆ ಇದಕ್ಕಿಂತ ಚೆನ್ನಾಗಿರೋದು ನಿಮಗೆ ಎಲ್ಲೂ ಸಿಗಲ್ಲ, ಮೇಡಂ."

"ಹೊಸದು ಸಿಗಲ್ಲ ಅನ್ನಿ. ಒಪ್ಕೋತೀನಿ."

ಎರಡು ವಾರದ ಮೇಲೆ ಕಿರಾಣಿ ಅಂಗಡಿಯ ಹಲಗೆಯಲ್ಲಿ ಒಂದು ಚೀಟಿ ಕಂಡಿತು. ಫ್ಯೋರ್ಡ್ ಅಂತ ನಾವು ಕರೆಯುವ ಕಡಲಿನ ತೋಳಿನ ಆಚೆ ದಡದ ನಿವೃತ್ತ ಪಶುವೈದ್ಯ ತನ್ನ ಕೋವಿ ಮಾರುತ್ತಿದ್ದ. ಹೋದೆವು. ಇಟಲಿಯಲ್ಲಿ ಮಾಡಿದ ಸಾದಾ ಕೋವಿ, ಇಪ್ಪತ್ತು ವರ್ಷ ಹಳೆಯದು. ಕೆತ್ತನೆಯೂ ಇಲ್ಲ, ಬಾತುಕೋಳಿಯೂ ಇಲ್ಲ. ಕೈ ಹಿಡಿಯುವ ಕಡೆ ನಳಿಗೆಯ ಕಪ್ಪು ಬಣ್ಣ ಸವೆದು ಬೆಳ್ಳಗಾಗಿತ್ತು. ಮರದ ಮೇಲೆ ಮುಳ್ಳುತಂತಿ ಗೀರಿದ ಗುರುತು. ವಾಗ್ನ್ ನೋಡಿದ್ದರೆ ಮುಟ್ಟುವುದಕ್ಕೂ ಕೈಗವಸು ಹಾಕುತ್ತಿದ್ದ.

ನಾನು ಮುಂದಿನ ಹಿಡಿಯ ಮರ ಬಿಚ್ಚಿ, ಕೋವಿಯನ್ನು ಮುಚ್ಚಿ, ಹಿಂಬದಿ ಹಿಡಿದು ಅಲ್ಲಾಡಿಸಿದೆ. ಕೀಲು ಸವೆದಿದ್ದರೆ ನಳಿಗೆ ಕಟಕಟ ಅನ್ನುತ್ತದೆ. ಇದು ಅನ್ನಲಿಲ್ಲ. ನಳಿಗೆಗಳನ್ನು ಆಕಾಶಕ್ಕೆ ಹಿಡಿದು ಒಳಗೆ ನೋಡಿದೆ, ತಗ್ಗಿಲ್ಲ, ತುಕ್ಕಿಲ್ಲ. ಖಾಲಿ ತೋಟಾ ಹಾಕಿ ಟ್ರಿಗರ್ ಎಳೆದೆ, ಎರಡೂ ನಳಿಗೆ ಒಂದಾದ ಮೇಲೊಂದು ಸರಿಯಾಗಿ ಕೆಲಸ ಮಾಡಿದವು. ನಳಿಗೆಯ ಬುಡದಲ್ಲಿ ಪುಟ್ಟ ಲಿಲ್ಲಿ ಹೂವಿನ ಮುದ್ರೆ ಇತ್ತು, ಉಕ್ಕಿನ ಚರೆಗೆ ಪರೀಕ್ಷೆ ಮಾಡಿದ್ದು ಎಂಬ ಗುರುತು.

"ಹೂವು ಇದೆ ನೋಡು ಡಾಗ್ನಿ," ಅಂದೆ.

"ಇದು ಕೆಲಸದ ಹೂವು," ಅಂದಳು. ತೂಗಿ ನೋಡಿದರೆ ಮೂರು ಕಿಲೋಗೆ ಸ್ವಲ್ಪ ಹೆಚ್ಚು. ಹೊತ್ತು ನಡೆಯಲು ಅಡ್ಡಿಯಿಲ್ಲ, ಭುಜಕ್ಕೂ ಕ್ಷೇಮ. ಕಾಗದಪತ್ರ ಆಗಿ ಪೊಲೀಸರ ಒಪ್ಪಿಗೆ ಬಂದ ಮೇಲೆ ಆರು ಸಾವಿರಕ್ಕೆ ಕೋವಿ ಅವಳದಾಯಿತು.

ಆಮೇಲೆ ಅವಳು ಮಾಡಿದ್ದನ್ನು ನಮ್ಮ ಸಂಘದಲ್ಲಿ ಯಾರೂ ಮಾಡಿರಲಿಲ್ಲ. ಕಿಟಕಿ ಮಾಡುವ ಬಡಗಿಯ ಹತ್ತಿರ ಹೋಗಿ ಹಿಂಬದಿಯ ಮರ ಮೂರು ಸೆಂಟಿಮೀಟರ್ ಕೊಯ್ಸಿದಳು. ತುದಿಗೆ ರಬ್ಬರ್ ಹಾಕಿಸಿದಳು. ಹಳೆಯ ಬೆಡ್‌ಶೀಟಿನ ನಡುವೆ ಕಪ್ಪು ಬಟ್ಟೆಯ ತುಂಡು ಹೊಲಿದು ಮೈದಾನದ ಕಂಬಕ್ಕೆ ಕಟ್ಟಿ ಅದಕ್ಕೆ ಹಾರಿಸಿದಳು. ಚರೆಯ ತೂತುಗಳೆಲ್ಲ ಕೆಳಗೆ ಬಿದ್ದವು. ಅಂದರೆ ಅವಳ ಕಣ್ಣು ತೀರಾ ತಗ್ಗಿನಲ್ಲಿ ಕೂರುತ್ತಿದೆ, ಕೆನ್ನೆ ಇಡುವ ಜಾಗ ಎತ್ತರವಾಗಬೇಕು. ಸ್ವೆನ್ನಿಂಗನ ಹಳೇ ಚರ್ಮದ ಜಾಕೆಟಿನ ತುಂಡು ತೆಗೆದು, ಒಳಗೆ ಉಣ್ಣೆಯ ಪದರ ಇಟ್ಟು, ಕೋವಿಯ ಮರಕ್ಕೆ ಬಿಗಿಯಾಗಿ ಒಂದು ಕವಚ ಹೊಲಿದಳು. ಮತ್ತೆ ಹಾರಿಸಿದಳು, ಪದರ ಒಂದು ತೆಗೆದಳು, ಮತ್ತೆ ಹಾರಿಸಿದಳು. ಐದನೇ ಬೆಡ್‌ಶೀಟಿಗೆ ತೂತುಗಳು ಕಪ್ಪು ಬಟ್ಟೆಯ ಸುತ್ತ ಬಂದು ಕೂತವು.

ಅದನ್ನು ನೋಡಿ ವಾಗ್ನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡ್ರೋ, ಡಾಗ್ನಿ ಕೋವಿಗೆ ಲಂಗ ಹೊಲಿದಿದ್ದಾಳೆ!"

"ಲಂಗ ಅಲ್ಲ ಕಣೋ, ತೇಪೆ. ನಿನ್ನ ಬೇಟೆ ಪ್ಯಾಂಟಿನ ಹಿಂದೆ ಹಾಕಿದ್ನಲ್ಲ, ಅಂಥದ್ದೇ. ಇದಕ್ಕೆ ಬಟ್ಟೆ ಸ್ವಲ್ಪ ಕಮ್ಮಿ ಹಿಡೀತು."

ಆ ಬೇಸಿಗೆ ಅವಳು ಪ್ರತಿ ಬುಧವಾರ ಬಂದಳು. ಮೊದಮೊದಲು ಇಪ್ಪತ್ತೈದಕ್ಕೆ ಒಂಬತ್ತು ತಟ್ಟೆ. ಆಗಸ್ಟಿಗೆ ಹದಿನೇಳು. ಅಲ್ಲಿಂದ ಮುಂದೆ ಏರಲಿಲ್ಲ. ವಾಗ್ನ್ ಇಪ್ಪತ್ತೆರಡು ಹೊಡೆಯುತ್ತಿದ್ದ, ಅದನ್ನು ನಾನು ಮುಚ್ಚಿಡುವುದಿಲ್ಲ. ನಿಂತಲ್ಲೇ ನಿಂತು, ಎಲ್ಲಿಂದ ಏನು ಹಾರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅವನು ಚೆನ್ನಾಗಿಯೇ ಹೊಡೆಯುತ್ತಿದ್ದ.

ನವೆಂಬರಿನ ಎರಡನೇ ಶನಿವಾರ ಸಂಘದ ಸಾಮೂಹಿಕ ಬೇಟೆ. ಜಮೀನು ವಾಗ್ನ್ ಗುತ್ತಿಗೆ ಹಿಡಿದದ್ದು, ಬೇಟೆಯ ಮುಂದಾಳೂ ಅವನೇ. ಬೆಳಿಗ್ಗೆ ಅವನೇ ನಿಯಮ ಓದಿದ. ಹಕ್ಕಿಯ ಹಿಂದೆ ಆಕಾಶ ಕಂಡರೆ ಮಾತ್ರ ಹೊಡೆಯಬೇಕು, ತಗ್ಗಿನಲ್ಲಿ ಹಾರಿದ್ದಕ್ಕೆ ಹೊಡೆಯಕೂಡದು, ಸಾಲಿನ ಕಡೆ ಕೋವಿ ತಿರುಗಿಸಕೂಡದು. ಆಮೇಲೆ ಗುಟುಕು ಗುಟುಕು ಕಹಿ ಮದ್ಯ ಕುಡಿದು ಸಾಲಾಗಿ ನಿಂತೆವು. ಮುಂದೆ ಬೀಟ್‌ರೂಟ್ ಹೊಲ, ಅದರಾಚೆ ಗಾಳಿ ತಡೆಯಲು ನೆಟ್ಟ ಸ್ಪ್ರೂಸ್ ಮರಗಳ ಪಟ್ಟಿ. ನನ್ನ ಎಡಕ್ಕೆ ವಾಗ್ನ್, ಅವನ ಎಡಕ್ಕೆ ನಲವತ್ತು ಹೆಜ್ಜೆ ದೂರ ಡಾಗ್ನಿ, ಅವಳ ಮುಂದೆ ಟೀನೆ.

ಟೀನೆ ಬೀಟಿನ ಎಲೆಗಳ ನಡುವೆ ಮೂಗು ನೆಲಕ್ಕಿಟ್ಟು ಹೋಗಿ ಸಟ್ಟನೆ ನಿಂತಿತು. ಡಾಗ್ನಿ ಎರಡು ಹೆಜ್ಜೆ ಮುಂದಿಟ್ಟಳು. ಉದ್ದ ಬಾಲದ ಕಾಡುಕೋಳಿ, ಒಂದು ಫೆಸೆಂಟ್ ಹುಂಜ, ಎದ್ದಿತು. ಮೇಲಕ್ಕೇರಲಿಲ್ಲ, ಗಾಳಿಗೆ ಬಾಗಿ ಎಲೆಯ ಮೇಲೇ ಸವರಿಕೊಂಡು ಸಾಲಿನ ಮುಂದೆ ಹಾರಿತು. ಡಾಗ್ನಿ ಕೋವಿ ಎತ್ತಿ, ನೋಡಿ, ಇಳಿಸಿದಳು. ವಾಗ್ನ್ ಹೊಡೆದ. ಒಂದಲ್ಲ, ಎರಡೂ ನಳಿಗೆ.

ಹಕ್ಕಿ ಹೋಯಿತು. ಟೀನೆ ಕಿರುಚಿತು.

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾಯಿ ಸುತ್ತಿ ಸುತ್ತಿ ತನ್ನ ತೊಡೆ ಕಚ್ಚಿಕೊಳ್ಳುತ್ತಿತ್ತು. ಡಾಗ್ನಿ ತನ್ನ ಕೋವಿಯನ್ನು ಕೀಲಿನಲ್ಲಿ ಬಾಗಿಸಿ ತೆರೆದು, ತೋಟಾ ತೆಗೆದು ನೆಲದ ಮೇಲಿಟ್ಟಳು. ನಾಯಿಯ ಹತ್ತಿರ ಮೊಣಕಾಲೂರಿ, ರಕ್ತ ನೋಡಿ, ತನ್ನ ಸ್ಕಾರ್ಫು ಬಿಗಿದಳು. ನಾನು ಓಡಿಹೋಗಿ ಟೀನೆಯನ್ನು ಹಿಡಿದುಕೊಂಡೆ. ಅವಳು ಎದ್ದು ನೇರ ವಾಗ್ನ್ ಕಡೆ ನಡೆದಳು.

"ನಾಯಿ ಅಡ್ಡ ಬಂತು," ಅಂದ ಅವನು. ಮುಖ ಬಿಳಿಚಿತ್ತು.

ಅವಳು ಅವನ ಕೈಯಿಂದ ಕೋವಿ ತೆಗೆದುಕೊಂಡಳು. ಕೀಲಿನಲ್ಲಿ ಬಾಗಿಸಿ ತೆರೆದಳು. ಖಾಲಿ ತೋಟಾ ಎರಡೂ ಹೊರಗೆ ಹಾರಿ ಬಿದ್ದವು. ಚಿನ್ನದ ಬಾತುಕೋಳಿಗಳನ್ನು ಒಂದು ಕ್ಷಣ ನೋಡಿದಳು.

"ಎಷ್ಟು ಕೊಟ್ಟೆ ಅಂದೆ ಇದಕ್ಕೆ?"

ವಾಗ್ನ್ ತನ್ನ ಬೂಟು ನೋಡಿಕೊಂಡ. ಅಷ್ಟು ವರ್ಷದಲ್ಲಿ ಅವನು ಆ ಬೆಲೆ ಹೇಳದೇ ಇದ್ದದ್ದು ಅದೊಂದೇ ಸಲ.

"ಅಷ್ಟು ದುಡ್ಡಿಗೆ ಅವರು ಕಣ್ಣು ಕೊಡಲಿಲ್ವಾ? ಕೇಳಿ ಇಸ್ಕೋಬೇಕಿತ್ತು," ಅಂದು ಕೋವಿಯನ್ನು ಹಾಗೇ ಬಾಯಿ ಬಿಟ್ಟುಕೊಂಡಂತೆ ಅವನ ಕೈಗೆ ಕೊಟ್ಟು ತಿರುಗಿದಳು. ಸಾಲಿನಲ್ಲಿದ್ದ ಇಪ್ಪತ್ತು ಗಂಡಸರಲ್ಲಿ ಒಬ್ಬನೂ ಉಸಿರೆತ್ತಲಿಲ್ಲ. ನಾನೂ ಎತ್ತಲಿಲ್ಲ. ನಾಯಿಯನ್ನು ಹಿಡಿದುಕೊಂಡಿದ್ದೇನೆ ಎನ್ನುವ ನೆವ ನನಗಿತ್ತು.

ಶನಿವಾರ ನಮಗೆ ಸಿಕ್ಕಿದವನು ಕೋವಿ ಮಾರಿದ ಆ ಪಶುವೈದ್ಯನೊಬ್ಬನೇ. ಅವನು ತನ್ನ ಅಡುಗೆಮನೆ ಮೇಜಿನ ಮೇಲೆ ಟೀನೆಯನ್ನು ಮಲಗಿಸಿ ಐದು ಚರೆ ತೆಗೆದ. ಆರನೆಯದು ಮೂಳೆಯ ಹತ್ತಿರ ಉಳಿದುಬಿಟ್ಟಿತು. ನಾಯಿ ಬದುಕಿತು, ಮೂರು ತಿಂಗಳು ಕುಂಟಿತು. ಮನೆಗೆ ಕರೆತಂದಾಗ ಸ್ವೆನ್ನಿಂಗ್ ಕುರ್ಚಿಯಿಂದ ತಾನೇ ಜಾರಿ ನೆಲಕ್ಕಿಳಿದು ಅದರ ಪಕ್ಕ ಮಲಗಿದ. ನಾವು ಎತ್ತಲು ಹೋದರೆ ಎಡಗೈಯಲ್ಲಿ ದೂಡಿದ.

ಮುಂದಿನ ವಾರ ಸಂಘದ ಸಭೆ. ಅಲ್ಲಿ ನಡೆದದ್ದನ್ನು ಹೇಳಲು ನನಗೆ ಇವತ್ತಿಗೂ ಅಸಹ್ಯ. ಎಗೋನ್ ಎದ್ದು, ಆ ದುಬಾರಿ ಕೋವಿಗಳ ಟ್ರಿಗರ್ ತೀರಾ ಸೂಕ್ಷ್ಮ, ಬೆರಳು ತಾಗಿದರೆ ಸಾಕು ಅಂದ. ಇನ್ನೊಬ್ಬ, ಇಲ್ಲ, ತೋಟಾದ ತಪ್ಪು, ಈ ಉಕ್ಕಿನ ಚರೆ ಗಟ್ಟಿ ನೆಲಕ್ಕೆ ಬಡಿದು ಚಿಮ್ಮುತ್ತದೆ ಅಂದ. ಯಾವ ನಂಬರಿನ ಚರೆ ಎಷ್ಟು ಚಿಮ್ಮುತ್ತದೆ ಎಂದು ಮುಕ್ಕಾಲು ಗಂಟೆ ವಾದವಾಯಿತು. ನಾಯಿಗೆ ಹೊಡೆದವನು ಎದುರಿಗೇ ಕಾಫಿ ಕುಡಿಯುತ್ತಾ ಕೂತಿದ್ದ, ಅವನ ಹೆಸರು ಒಂದು ಸಲವೂ ಯಾರ ಬಾಯಲ್ಲೂ ಬರಲಿಲ್ಲ.

ಕೊನೆಗೆ ಎಗೋನ್ ಕೇಳಿದ, "ನಾಯಿ ಅಡ್ಡ ಓಡಿದ್ದನ್ನ ನೋಡಿದವರು ಕೈ ಎತ್ತಿ." ನಾಲ್ಕು ಕೈ ಎದ್ದವು. ಅದರಲ್ಲಿ ಒಬ್ಬ ಆ ದಿನ ಬೇಟೆಗೇ ಬಂದಿರಲಿಲ್ಲ.

ನಾನು ಎದ್ದೆ. "ನಾಯಿ ನಿಂತಲ್ಲೇ ನಿಂತಿತ್ತು. ಕಾಲು ಕೂಡ ಅಲ್ಲಾಡಿಸಿರಲಿಲ್ಲ. ಹಕ್ಕಿ ತಗ್ಗಿನಲ್ಲಿತ್ತು, ವಾಗ್ನ್ ಸಾಲಿನ ಕಡೆ ತಿರುಗಿ ಹೊಡೆದ. ನಾನು ನೋಡಿದೆ."

"ನೀನು ಕೂತ್ಕೋ ಥೋರ್ಕಿಲ್," ಅಂದ ವಾಗ್ನ್ ಮೆತ್ತಗೆ. "ನೀನು ಗುಂಡಿಯೊಳಗೆ ಇರೋನು, ನಿನಗೇನು ಗೊತ್ತಾಗುತ್ತೆ."

ಕೋಣೆ ನಕ್ಕಿತು. ಯಂತ್ರದ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಅದನ್ನು ಅವನ ಕಾಫಿ ಬಟ್ಟಲಿನ ಪಕ್ಕದಲ್ಲಿಟ್ಟು ಹೊರಗೆ ಬಂದೆ. ವಾಗ್ನ್ ಮತ್ತೆ ಮೂರು ವರ್ಷ ಅಧ್ಯಕ್ಷನಾಗಿದ್ದ. ಆ ವಸಂತದಲ್ಲಿ ಅವನು ಹಳೇ ಕೋವಿ ಮಾರಿ ಇನ್ನೂ ದುಬಾರಿಯದೊಂದು ತಂದನಂತೆ, ಹಳೆಯದರ ಟ್ರಿಗರ್ ಸರಿಯಿರಲಿಲ್ಲವಂತೆ.

ಡಾಗ್ನಿ ಸಂಘಕ್ಕೆ ರಾಜೀನಾಮೆ ಬರೆಯುವ ಗೋಜಿಗೂ ಹೋಗಲಿಲ್ಲ. ಪಕ್ಕದ ಹಳ್ಳಿಯ ಸಣ್ಣ ಮೈದಾನದಲ್ಲಿ ತಟ್ಟೆ ಹೊಡೆಯತೊಡಗಿದಳು. ಬೇಟೆಗೆ ಒಬ್ಬ ರೈತ ಫ್ಯೋರ್ಡಿನ ಅಂಚಿನ ಆರು ಎಕರೆ ಜೊಂಡು ಬಿಟ್ಟುಕೊಟ್ಟ. ಅವನ ಮಗಳ ಮದುವೆಯ ಗೌನು ಬಿಡಿಸಿ ಹೊಲಿದುಕೊಟ್ಟದ್ದಕ್ಕೆ ಅದು ಬದಲಿ. ಅಲ್ಲಿ ನಾವಿಬ್ಬರೇ.

ಜನವರಿ ಕೊನೆಯಲ್ಲಿ, ಹುಂಜದ ಬೇಟೆಯ ಕಾಲ ಮುಗಿಯಲು ಎರಡು ದಿನ ಇರುವಾಗ, ಟೀನೆಯನ್ನು ಮೊದಲ ಸಲ ಹೊರಗೆ ಕರೆದುಕೊಂಡು ಹೋದೆವು. ಅದಕ್ಕೆ ಕೋವಿಯ ಸದ್ದಿನ ಭಯ ಹಿಡಿದಿರಬಹುದು ಎಂಬ ಹೆದರಿಕೆ ನಮಗೆ. ಜೊಂಡಿನ ಅಂಚಿನಲ್ಲಿ ಕುಂಟುತ್ತಲೇ ಹೋಗಿ ನಿಂತಿತು. ಮೈ ಸಣ್ಣಗೆ ನಡುಗುತ್ತಿತ್ತು. ಹುಂಜ ಎದ್ದು, ಬಾಲ ಬಿಚ್ಚಿ, ನೇರ ಮೇಲಕ್ಕೇರಿತು, ಹಿಂದೆ ಬೂದು ಆಕಾಶ. ಡಾಗ್ನಿಯ ಮೊದಲ ಹೊಡೆತ ಹಿಂದೆ ಬಿತ್ತು. ಎರಡನೆಯದಕ್ಕೆ ಹಕ್ಕಿ ಮಡಚಿಕೊಂಡು ಬಿತ್ತು. ಟೀನೆ ಒಂದು ಗಳಿಗೆ ಕದಲಲಿಲ್ಲ. ಡಾಗ್ನಿಯೂ ಕರೆಯಲಿಲ್ಲ. ಆಮೇಲೆ ನಾಯಿ ತಾನೇ ಜೊಂಡಿನೊಳಗೆ ನುಗ್ಗಿತು, ಹಕ್ಕಿಯನ್ನು ಬಾಯಲ್ಲಿ ಹಿಡಿದು ಬಂತು. ಡಾಗ್ನಿ ನನಗೆ ಬೆನ್ನು ತಿರುಗಿಸಿ ಬಹಳ ಹೊತ್ತು ಮೂಗು ಒರೆಸಿಕೊಂಡಳು.

"ಏನು ನೋಡ್ತೀಯ? ಚಳಿ," ಅಂದಳು.

ಹಕ್ಕಿಯ ಪುಕ್ಕ ಸ್ವೆನ್ನಿಂಗನೇ ತರಿದ. ಮೊಣಕಾಲ ನಡುವೆ ಇಟ್ಟುಕೊಂಡು, ಎಡಗೈ ಒಂದರಲ್ಲೇ, ಎರಡು ಗಂಟೆ. ಅಡುಗೆ ಡಾಗ್ನಿಯದು. ಅವಳಿಗೆ ಅಡುಗೆ ಒಂದು ಬರುತ್ತಿರಲಿಲ್ಲ. ಕೆನೆ ಸಾರು ಹೊತ್ತಿತು, ಮಾಂಸ ಹಲಗೆಯ ಹಾಗಾಯಿತು. ಮೂವರೂ ಮೇಜಿಗೆ ಕೂತು, ಆಲೂಗಡ್ಡೆ ಹಿಚುಕಿ ಅದರ ಜತೆ ಅಗಿದೆವು, ಅಗಿದೆವು.

ಸ್ವೆನ್ನಿಂಗ್ ತುತ್ತು ನುಂಗಿ, ಬಾಯಿ ಒರೆಸಿ, ಆ ಚಳಿಗಾಲದಲ್ಲೇ ಅತಿ ಉದ್ದದ ಮಾತು ಆಡಿದ.

"ನಾಳೆ... ಇನ್ನೂ ಒಂದು ದಿನ ಇದೆ."

ಮರುದಿನವೂ ಹೋದೆವು. ಏನೂ ಸಿಗಲಿಲ್ಲ.